ದೃಷ್ಟಿಬೊಟ್ಟಿನ ಚೌಕ

೪ ನವೆಂಬರ್ ೧೯೯೬, ದೊಡ್ಡಬಳ್ಳಾಪುರ

ಇವತ್ತೂ ಚಪ್ಪಲಿ ಹೊರಗೆ ಬಿಟ್ಟು ಡಿಸೈನ್ ಕೇಂದ್ರದ ಎಸಿ ರೂಮಿಗೆ. ಕಂಪ್ಯೂಟರಿಗೆ ಸೆಕೆ ಆಗಬಾರದಂತೆ. ನನಗೆ ಚಳಿಯಾದರೆ ಪರವಾಗಿಲ್ಲ. ಶಾಲು ಹೊದ್ದು ಕೂರುತ್ತೇನೆ, ಬಾಣಂತಿಯ ಹಾಗೆ.

ಕೆಲಸ ಅದೇ. ಇಷ್ಟು ವರ್ಷ ಗ್ರಾಫ್ ಹಾಳೆಯ ಮೇಲೆ ಬರೆದ ಸೀರೆ ಅಂಚುಗಳನ್ನೆಲ್ಲ ಚೌಕ ಚೌಕವಾಗಿ ಇದರೊಳಗೆ ತುಂಬುವುದು. ತುಂಬಿದ ಮೇಲೆ ಯಾರು ಬೇಕಾದರೂ ತೆಗೆದುಕೊಂಡು ನೇಯಬಹುದು. ಸರ್ಕಾರದ ಸ್ಕೀಮು — ಕಸುಬಿನವರ ಕೈಗೆ ಕಂಪ್ಯೂಟರ್. ಒಳ್ಳೆಯದೇ. ಆದರೆ ಕಸುಬಿನವರು ಅದನ್ನು ನೋಡುವುದು ಗಾಜಿನ ಆಚೆಯಿಂದ. ಒಳಗೆ ಬಂದರೆ ಧೂಳಂತೆ.

ನೇಕಾರ ಕೊಂಡಪ್ಪ ಗಾಜಿಗೆ ಮೂಗು ಒತ್ತಿ ನಿಂತಿದ್ದ. "ಏನ್ ಪ್ರಮೋದವ್ವಾ, ಗರ್ಭಗುಡೀಲಿ ಕೂತಂಗೆ ಕೂತಿದೀಯ. ಹೂವ ತರ್ಲಾ?" ಎಂದ. ನಗು ಬಂತು. ಬಾಗಿಲು ಮಾತ್ರ ತೆಗೆಯುವ ಹಾಗಿಲ್ಲ.

೧೪ ನವೆಂಬರ್

ಡಿಸೈನ್ ಪೂರ್ತಿ ಸರಿಯಾಗಿ ಬರೆಯಬಾರದು, ಕಣ್ಣು ಬೀಳುತ್ತದೆ — ಅಪ್ಪ ಕಲಿಸಿದ್ದು. ಎಲ್ಲಾದರೂ ಒಂದು ಚೌಕಕ್ಕೆ ಬೇರೆ ಬಣ್ಣ ಹಾಕಬೇಕು. ದೃಷ್ಟಿಬೊಟ್ಟು. ಅಪ್ಪನದು ಮಾವಿನ ತೊಟ್ಟಿನಲ್ಲಿ. ನನ್ನದು ಮೊದಲ ಹಕ್ಕಿಯ ಕತ್ತಿನ ಹಿಂದೆ. ಹಕ್ಕಿ ಇಲ್ಲದ ಅಂಚನ್ನು ನಾನು ಬರೆದೇ ಇಲ್ಲ.

ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಯಾರೋ ಗುರುತಿಲ್ಲದವಳ ಸೀರೆಯಲ್ಲಿ ಆ ಬೊಟ್ಟು ಕಂಡರೆ ಸಾಕು… ನನ್ನದು! ಹೆಸರು ಹಾಕುವ ಪದ್ಧತಿ ನಮ್ಮ ಕಸುಬಿನಲ್ಲಿಲ್ಲ. ಇರುವುದು ಇದೊಂದೇ.

ಇವತ್ತು ಕಂಪ್ಯೂಟರ್ ಅದನ್ನು ಹುಡುಕಿಬಿಟ್ಟಿತು. ಒಂಟಿ ಚುಕ್ಕೆ ಇದೆ, ಕ್ಲೀನ್ ಮಾಡಲಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಹೌದಾದರೆ ವೈ ಒತ್ತಬೇಕು, ಬೇಡವಾದರೆ ಎನ್. ಕೇಂದ್ರದ ಆಫೀಸರ್ ರವಿಚಂದ್ರ ಸಾರ್ ಹಿಂದೆಯೇ ನಿಂತಿದ್ದರು. "ವೈ ಒತ್ತಿ ಮೇಡಂ. ನೋಡಿದ್ರಾ, ನಿಮ್ಮ ತಪ್ಪನ್ನ ಅದೇ ಹುಡುಕಿ ಕೊಡುತ್ತೆ!"

ಒಳ್ಳೆಯ ಮನುಷ್ಯ. ಏಪ್ರಿಲ್‌ಗೆ ಪರ್ಮನೆಂಟ್ ಮಾಡಿಸುತ್ತೇನೆ ಎಂದಿದ್ದಾರೆ. ಒತ್ತಿದೆ.

೩ ಡಿಸೆಂಬರ್

ವೈ. ವೈ. ವೈ. ದಿನವಿಡೀ ಅದೇ.

ಕೆಲಸ ಬಿಡಲಾ ಎಂದು ಅತ್ತೆಯನ್ನು ಕೇಳಿದೆ. ಬಾಯಿ ತಪ್ಪಿ ಬಂದ ಮಾತು. ಯಜಮಾನರು ಕೆಲಸಕ್ಕಿದ್ದ ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಗೆ ಬರುವುದು ನನ್ನ ಸಂಬಳ ಒಂದೇ. ಅತ್ತೆ ಮುನಿವೆಂಕಟಮ್ಮನವರು ಮುದ್ದೆ ತೊಳಸುತ್ತಿದ್ದ ಕೋಲು ಹಿಡಿದೇ ತಿರುಗಿದರು. "ನೆಳ್ಳಾಗೆ ಕೂತ್ಕಂಡು ಮಾಡೋ ಗೌರ್ಮೆಂಟ್ ಕೆಲ್ಸ! ಒಂದು ಚುಕ್ಕಿ ಅಳಿಸಿದ್ಕೆ ಯಾರಾದ್ರೂ ಅನ್ನ ಬಿಡ್ತಾರಾ?"

ಮೊಮ್ಮಗಳು ಕೀರ್ತನಳ ಕೆನ್ನೆಗೆ ಕಾಡಿಗೆ ಇಡದೆ ಹೊಸಲು ದಾಟಿಸದ ಹೆಂಗಸು ಇವರು. ಅಂದುಬಿಡಬೇಕಿತ್ತು.

೨೦ ಜನವರಿ ೧೯೯೭

ಬೆಂಗಳೂರಿನಲ್ಲಿ ಎಕ್ಸಿಬಿಷನ್. ವ್ಯಾನಿನಲ್ಲಿ ಕರೆದುಕೊಂಡು ಹೋದರು. ನನ್ನ ಗಿಳಿ ಅಂಚಿನ ಸೀರೆ ಎಲ್ಲಕ್ಕಿಂತ ಮುಂದೆ. ಪಕ್ಕದಲ್ಲಿ ಬೋರ್ಡು — ಕಂಪ್ಯೂಟರ್ ವಿನ್ಯಾಸ.

ದೊಡ್ಡ ಆಫೀಸರ್ ಒಬ್ಬರು ಬಂದರು. "ಮೆಷೀನು ಎಷ್ಟು ಚೆನ್ನಾಗಿ ಬರೆದಿದೆ!" ಎಂದರು. ತಡೆಯಲಾಗಲಿಲ್ಲ. "ಸಾರ್, ಇದು ನಾನು ಬರ್ದಿದ್ದು" ಎಂದೆ.

"ಹೌದಾ? ನಿಮ್ದೂಂತ ಹೇಗೆ ಗೊತ್ತಾಗುತ್ತೆ?" ಕುಹಕವಲ್ಲ. ನಿಜವಾಗಿ ಕೇಳಿದರು.

ಆ ಸೀರೆಯ ಅಂಚು ಕೈಗೆತ್ತಿಕೊಂಡು ಮೊದಲ ಗಿಳಿಯ ಕತ್ತಿನ ಹಿಂದೆ ಬೆರಳಿಟ್ಟೆ. ಏನೂ ಇಲ್ಲ. ತೊಳೆದಿಟ್ಟ ಹಾಗೆ ಕ್ಲೀನ್. ಅಳಿಸಿದವಳು ನಾನೇ. ಪಾಪ, ಅವರು ಸ್ವಲ್ಪ ಹೊತ್ತು ಕಾದು ಮುಂದಿನ ಸ್ಟಾಲಿಗೆ ಹೋದರು.

ಅವಮಾನದಲ್ಲಿ ಸಾಯುವಂತಾಗಿತ್ತು. ಆಮೇಲೆ ಉಪ್ಪಿಟ್ಟು ಕೊಟ್ಟರು. ತಿಂದೆ. ಎರಡನೇ ಸಲ ಹಾಕಿಸಿಕೊಂಡೂ ತಿಂದೆ.

೧೧ ಫೆಬ್ರವರಿ, ಮಧ್ಯಾಹ್ನ

ಜೋಡಿ ಹಂಸದ ಅಂಚು. ಚುಕ್ಕೆ ಇದೆ, ಕ್ಲೀನ್ ಮಾಡಲಾ ಎಂದು ಕೇಳಿತು. ರವಿಚಂದ್ರ ಸಾರ್ ಊಟಕ್ಕೆ ಹೋಗಿದ್ದರು.

ಎನ್ ಒತ್ತಿದೆ.

ಏನೂ ಆಗಲಿಲ್ಲ. ಎಸಿ ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು.

೧೦ ಮಾರ್ಚ್

ಕೊಂಡಪ್ಪ ಚಪ್ಪಲಿ ಕಾಲಲ್ಲೇ ಬಾಗಿಲು ದಬ್ಬಿಕೊಂಡು ಒಳಗೆ ಬಂದ. ಹೆಗಲ ಮೇಲೆ ಹಂಸದ ಸೀರೆ. ಮುಖವೆಲ್ಲ ನಗು. "ಸಾರ್, ನೋಡಿ ಸಾರ್! ನಮ್ ಪ್ರಮೋದವ್ವನ ಬೊಟ್ಟು ವಾಪಸ್ ಬಂದೈತೆ! ಬೋಳು ಸೀರೆ ನೇಯ್ದು ನೇಯ್ದು ನಂಗೂ ಭಯ ಹಿಡ್ದಿತ್ತು!"

ರವಿಚಂದ್ರ ಸಾರ್ ಕನ್ನಡಕ ಹಾಕಿಕೊಂಡು ನೋಡಿದರು. "ಇದು ಡಿಫೆಕ್ಟ್ ಅಲ್ವೇನ್ರೀ?"

ಸರ್ಕಾರಿ ಸೀರೆ ಎಂಪೋರಿಯಮ್ಮಿನ ಆರ್ಡರ್ ಪೂರ್ತಿ ಅದೇ ಅಂಚಿನಲ್ಲಿ ನೇಯ್ದಾಗಿತ್ತು. ಕೊಂಡಪ್ಪನ ನಗು ಇಳಿದುಹೋಯಿತು. "ಅಯ್ಯೋ… ನಾನ್ ತಪ್ಪು ಅಂದ್ನಾ ಸಾರ್? ಚೆಂದಾಗೈತೆ ಅಂದೆ." ನನ್ನ ಮುಖ ನೋಡಿದ. ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಇಷ್ಟು ದಿನದಲ್ಲಿ ಅದನ್ನು ಹುಡುಕಿ ಸಂತೋಷಪಟ್ಟವನು ಅವನೊಬ್ಬನೇ.

೧೧ ಮಾರ್ಚ್

ಸಾರ್ ಫೋನಿನಲ್ಲಿ ವಿಷಯ ತಿಳಿಸಿದ ಮೇಲೆ ಹೆಡ್ ಆಫೀಸಿನವರು ಬರವಣಿಗೆಯಲ್ಲಿ ವಿವರಣೆ ಕೇಳಿದ್ದಾರೆ. ಸಾರ್ ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದರು. "ಕಂಪ್ಯೂಟರ್ ಮಿಸ್ಟೇಕ್ ಅಂತ ಬರ್ಕೊಡಿ, ಮುಗೀತು. ಬೇಕೂಂತ ಬಿಟ್ಟೆ ಅಂದ್ರೆ ಪರ್ಮನೆಂಟ್ ಹಾಗಿರ್ಲಿ, ಇರೋ ಕೆಲಸಾನೂ ಹೋಗುತ್ತೆ."

ಚೆನ್ನಾಗಿದ್ದರೆ ಕಂಪ್ಯೂಟರ್ ಮಾಡಿದ್ದು. ಕೆಟ್ಟರೂ ಕಂಪ್ಯೂಟರ್ ಮಾಡಿದ್ದು. ಹಾಗಾದರೆ ಇಷ್ಟು ದಿನ ಆ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದವಳು ಯಾರು?

೧೨ ಮಾರ್ಚ್, ಬೆಳಿಗ್ಗೆ

ಅತ್ತೆ ಕೀರ್ತನಳನ್ನು ಬಾಲವಾಡಿಗೆ ಹೊರಡಿಸುತ್ತಿದ್ದಾರೆ. ಕೆನ್ನೆಗೆ ಕಾಡಿಗೆ ಇಡುತ್ತಲೇ ಕೂಗಿದರು, "ಬರ್ದಾಯ್ತಾ? ಕಂಪ್ಯೂಟ್ರು ಅಂತ್ಲೇ ಬರಿ. ಅದ್ಕೇನು ಗಂಡ ಮಕ್ಳು ಅವ್ರಾ?"

ಸರಿಯಾಗಿಯೇ ಹೇಳಿದರು. ಭಯವಾಗುತ್ತಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಒಳ್ಳೆಯ ಹಾಳೆಗೆ.

ಮಾನ್ಯರೇ,
ಸದರಿ ಚುಕ್ಕೆಯು ಕಂಪ್ಯೂಟರಿನ —

ಊಹೂಂ.

ಮಾನ್ಯರೇ,
ಸದರಿ ಅಂಚನ್ನು ಬರೆದವಳು ನಾನು, ಪ್ರಮೋದಾ. ಮೊದಲ ಹಂಸದ ಕತ್ತಿನ ಹಿಂದೆ ಇರುವ ಚುಕ್ಕೆ ತಪ್ಪಲ್ಲ. ಅದು ನನ್ನ ರುಜು.