ಜೊತೆಗೆ ಸೇರಿದವಳು

ಜೂನ್ 3
ಇವತ್ತೂ ಫೈಲಿಂಗ್. ಗುರುವಾಯನಕೆರೆಯ ಈ ಫೈನಾನ್ಸಿಗೆ ಟ್ರೈನಿಯಾಗಿ ಸೇರಿದಂದಿನಿಂದ ಸಾಲದ ಅರ್ಜಿಗಳಿಗೆ ಆಧಾರ್ ಜೆರಾಕ್ಸ್ ಪಿನ್ ಹೊಡೆಯುವುದೇ ಕೆಲಸ. ಅದೇ ದಿನ ಸೇರಿದ ಸಬೀಹಾಳನ್ನು ಮಾತ್ರ ಮ್ಯಾನೇಜರ್ ಲತೇಶ್ ಸರ್ ಕೌಂಟರಿನಲ್ಲಿ ಕೂರಿಸಿದ್ದಾರೆ. ಬಿಕಾಂನಲ್ಲಿ ನನಗೆ ಡಿಸ್ಟಿಂಕ್ಷನ್. ಅವಳದ್ದು ಸೆಕೆಂಡ್ ಕ್ಲಾಸ್. ಆದರೆ ಬಂದವರೊಡನೆ ಅವಳ ಮಾತು ತುಳು, ಬ್ಯಾರಿ, ಕೊಂಕಣಿ... ನಾನು ಮಾತಾಡಿದರೆ ಪಾಠ ಒಪ್ಪಿಸಿದ ಹಾಗೆ.

ಜೂನ್ 11
ನಾರಾವಿಯಿಂದ ಕಾಂತಿ ಎಂಬವರು ಹೊಲಿಗೆ ಮೆಷಿನಿನ ಸಾಲ ಕೇಳಲು ಬಂದಿದ್ದರು. ಸಬೀಹಾ ಊಟಕ್ಕೆ ಹೋಗಿದ್ದಳು. ನಾನು ಮಾಡಿಕೊಡುತ್ತೇನೆ ಎಂದೆ.
“ಬೇಡಮ್ಮ, ಆ ಹುಡುಗಿ ಬರಲಿ. ಕೂತಿರ್ತೇನೆ.”
ಕೂತೇ ಇದ್ದರು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಅಳಲಿಲ್ಲ. ಸುಮ್ಮನೆ.

ಜುಲೈ 2
ಮೂಡುಬಿದಿರೆ ಬ್ರಾಂಚಿನಲ್ಲಿ ಲೋನ್ ಆಫೀಸರ್ ಪೋಸ್ಟ್ ಖಾಲಿ. ನಮ್ಮಿಬ್ಬರಲ್ಲಿ ಒಬ್ಬರಿಗಂತೆ. ನನ್ನ ಮನೆ ಇರುವುದೇ ಮೂಡುಬಿದಿರೆಯಲ್ಲಿ. ನರಿಕೊಂಬಿನ ಸಬೀಹಾಳಿಗೆ ಅದು ಯಾಕೆ?

ಜುಲೈ 9, ರಾತ್ರಿ
ಹೆಡ್ ಆಫೀಸಿನ ಫೋನ್ ನಾನೇ ತೆಗೆದೆ. ನಾಳೆ ಬೆಳಿಗ್ಗೆ ಇಬ್ಬರಿಗೂ ಇಂಟರ್‌ವ್ಯೂ, ಸಬೀಹಾಳಿಗೂ ತಿಳಿಸಿ ಎಂದರು. ಅವಳು ಸಾಲದ ಕಂತು ವಸೂಲಿಗೆ ಫೀಲ್ಡಿನಲ್ಲಿದ್ದಳು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಗೋಳಿಬಜೆಯಲ್ಲಿ ಪಾಲು ಕೊಟ್ಟಳು. ತಿಂದೆ. ಹೇಳಲಿಲ್ಲ. ಅವಳ ಬಸ್ ಹೊರಟಿತು...
ಮನೆಯಲ್ಲಿ ಅರ್ಧ ಊಟಕ್ಕೇ ಎದ್ದೆ. ಈಗ ಫೋನ್ ಮಾಡಿ ಹೇಳಿದೆ. ಮರೆತಿತ್ತು ಎಂದೆ.
“ಅಬ್ಬ, ಬೇರೆ ಯಾರಾದ್ರೂ ಆಗಿದ್ರೆ ಹೇಳ್ತಲೇ ಇರ್ಲಿಲ್ಲ ಮಾರಾಯ್ತಿ.”

ಜುಲೈ 16
ಅವಳಿಗೇ ಸಿಕ್ಕಿತು. ಲತೇಶ್ ಸರ್ ಲಾಡು ತರಿಸಿದರು. ಎಲ್ಲರಿಗೂ ಹಂಚಿದ್ದು ನಾನು.

ಆಗಸ್ಟ್ 28
ಸಬೀಹಾಳ ಫೋನ್. “ಶ್ರಾವ್ಯಾ, ಇಲ್ಲಿ ಇನ್ನೊಂದು ಪೋಸ್ಟ್ ಉಂಟು. ನಿನ್ನ ಹೆಸರು ಹೇಳಿದ್ದೇನೆ. ಬಾ, ಒಟ್ಟಿಗೆ ಇರುವ.”
ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಸಬೀಹಾಳಿಗೆ ಹೂಂ ಎಂದೆ. ಎಂದ ಮೇಲೆ ಅವಳ ಮೇಲೆ ಇನ್ನಷ್ಟು ಸಿಟ್ಟು. ಹೆಸರು ಹೇಳುವಷ್ಟು ದೊಡ್ಡವಳಾದಳು.

ಸೆಪ್ಟೆಂಬರ್ 9
ಮೂಡುಬಿದಿರೆಯಲ್ಲಿ ಮೊದಲ ದಿನ. ಅಕ್ಕಪಕ್ಕದ ಟೇಬಲ್. ನನ್ನದನ್ನು ಅವಳೇ ಒರೆಸಿಟ್ಟಿದ್ದಳು. ಮಧ್ಯಾಹ್ನ ಒಬ್ಬರು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು. ಸಬೀಹಾ ತಲೆ ತಗ್ಗಿಸಿ ಮೊಬೈಲ್ ಒತ್ತತೊಡಗಿದಳು — ಬೇಕೆಂದೇ. ಅವರು ನನ್ನ ಎದುರು ಬಂದು ಕೂತರು. ನನ್ನ ಮೊದಲ ಗಿರಾಕಿ. ಅದನ್ನೂ ಅವಳೇ ಕೊಟ್ಟ ಹಾಗಾಯಿತು.