ಅತ್ತೆಯವರು ಬೇಡವೆಂದ ಕುರ್ಚಿ

ಶಹಾಬಾದ,
ತಾ. ೧೨ ಮೇ ೧೯೪೬, ರವಿವಾರ

ಪೂಜ್ಯರಾದ ನಮ್ಮ ಮನೆಯವರಿಗೆ, ನಿಮ್ಮ ಶಿವಕಾಂತಮ್ಮ ಮಾಡುವ ಶರಣು ಶರಣಾರ್ಥಿಗಳು.

ನಿಮ್ಮ ಆರೋಗ್ಯ ಹೇಗಿದೆ? ಜ್ವರ ಪೂರ್ತಿ ಬಿಟ್ಟಿತೇ? ಹೈದರಾಬಾದಿನ ದವಾಖಾನೆಯಲ್ಲಿ ಎರಡು ಹೊತ್ತೂ ಅನ್ನವನ್ನೇ ಕೊಡುತ್ತಾರೆಂದು ಬರೆಸಿದ್ದಿರಿ. ರೊಟ್ಟಿ ಇಲ್ಲದೆ ನಿಮಗೆ ಉಂಡಂತೆಯೇ ಆಗುವುದಿಲ್ಲವೆಂದು ನನಗೆ ಗೊತ್ತಿಲ್ಲವೇ? ಚಿತ್ತಾಪುರದ ನಮ್ಮ ಅಣ್ಣ ಅಂಬಾರಾಯ ಬರುವ ವಾರ ಮತ್ತೆ ಆ ಕಡೆ ಬರುವವನಿದ್ದಾನೆ. ಅವನ ಕೈಯಲ್ಲಿ ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತೇನೆ. ಪಕ್ಕದ ಹಾಸಿಗೆಯವರಿಗೆಲ್ಲ ಹಂಚಿ ನೀವು ಬರಿಗೈಯಲ್ಲಿ ಕೂತುಕೊಳ್ಳಬೇಡಿ. ಇಲ್ಲಿ ಬಿಸಿಲು ಹೇಳತೀರದು. ಮನೆಯ ಹಾಸುಗಲ್ಲು ಹಂಚಿನಂತೆ ಕಾಯುತ್ತದೆ, ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತದೆ. ನಿಮ್ಮ ಮಗಳು ಸಂಗವ್ವ ಗೋಡೆ ಹಿಡಿದು ನಡೆಯಲು ಕಲಿತಿದ್ದಾಳೆ. ರುಮಾಲು ಸುತ್ತಿದವರು ಯಾರೇ ಬಾಗಿಲ ಮುಂದೆ ಹಾದರೂ "ಅಪ್ಪಾ" ಎಂದು ಕೂಗುತ್ತಾಳೆ. ಮೊನ್ನೆ ಬಡಿಗೇರರ ಮುದುಕರು ಹೌಹಾರಿ ನಿಂತುಬಿಟ್ಟರು. ಅತ್ತೆಯವರು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನೀವು ದವಾಖಾನೆಗೆ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಇನ್ನು ಊರಿಗೆ ನೀರೆತ್ತುವ ನಿಮ್ಮ ಕಾರಖಾನೆಯ ಸುದ್ದಿ. ನೀವು ಪ್ರತಿ ಕಾಗದದಲ್ಲೂ ಕೇಳಿದಿರಿ, ನಾನು ಜಾರಿಸಿಕೊಂಡೆ. ಮಲಗಿದಲ್ಲೇ ಕುದಿಯುತ್ತೀರೆಂಬ ಅಂಜಿಕೆ. ಈಗ ಒಂದು ದಡ ಕಂಡಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬಾಯ್ಲರಿನ ಗಾಜಿನ ನಳಿಗೆ ಸಿಡಿದು ಕುದಿನೀರು ನಿಮ್ಮ ಮೇಲೆ ಹಾರಿದ ದಿನ ನೀವು ನಿಮ್ಮ ಪಾಳಿ ಮುಗಿಸಿ ಇನ್ನೊಬ್ಬರ ಪಾಳಿಗೂ ನಿಂತಿದ್ದಿರಿ. ಬರಬೇಕಾಗಿದ್ದ ಬದಲಿ ಆಳನ್ನು ಕಾರಖಾನೆಯ ಮೇಲ್ವಿಚಾರಕ ದಾರೋಗಾನ ಮನೆಯ ತೋಟಕ್ಕೆ ನೀರು ಹೊರಲು ಕಳಿಸಿದ್ದರು. ಗಾಜಿಗೆ ಕಬ್ಬಿಣದ ಜಾಳಿಗೆ ಹಾಕಿಸಿರೆಂದು ನೀವು ಚಳಿಗಾಲದಿಂದ ಹೇಳುತ್ತಿದ್ದಿರಿ. ಊರಿಗೆಲ್ಲ ಗೊತ್ತಿದ್ದ ಮಾತು ಇದು. ಆದರೂ ಕಚೇರಿಯವರು, ಬೆಂಕಿ ಹಾಕುವವನು ತೂಕಡಿಸಿದ, ಅವನ ಅಲಕ್ಷ್ಯದಿಂದಲೇ ಹೀಗಾಯಿತು ಎಂದು ಮೇಲಕ್ಕೆ ವರದಿ ಕಳಿಸಿದರು. ಸುಟ್ಟ ಕೈಯಲ್ಲೇ ಕವಾಟ ಮುಚ್ಚಿ ಕಾರಖಾನೆ ಉಳಿಸಿದವರ ಬಗ್ಗೆ ಹೀಗೆ ಬರೆದರಲ್ಲಾ ಎಂದು ನನಗೆ ಅನ್ನ ಸೇರಲಿಲ್ಲ.

ಆಗ ಎದ್ದು ನಿಂತವರು ಸಿರಾಜುದ್ದೀನ ಭಾಯಿ. ನಿಮ್ಮೊಡನೆ ಫಿಟ್ಟರ್ ಕೆಲಸ ಮಾಡುವ ಮನುಷ್ಯ, ಮಾತು ಕಡಿಮೆ, ಕೆಲಸಗಾರರ ಸಂಘದ ಕಾರ್ಯದರ್ಶಿಯಾಗಲು ಒಲ್ಲೆನೆಂದು ತಪ್ಪಿಸಿಕೊಂಡು ಓಡಾಡುತ್ತಿದ್ದವರು ಎಂದೇ ನನಗೆ ಗೊತ್ತಿತ್ತು. ಅವರು ಎಲ್ಲರನ್ನೂ ಹುಣಸೆಮರದ ಕೆಳಗೆ ಕೂಡಿಸಿ ಮೂರು ಬೇಡಿಕೆ ಗೊತ್ತುಮಾಡಿದರು. ಒಬ್ಬನನ್ನು ಎರಡು ಪಾಳಿ ನಿಲ್ಲಿಸಬಾರದು, ಬಾಯ್ಲರಿನ ಗಾಜಿಗೆ ಜಾಳಿಗೆ ಬೇಕು, ಕೆಲಸದಲ್ಲಿ ಗಾಯವಾದವರನ್ನು ಕೆಲಸದಿಂದ ತೆಗೆಯಬಾರದು. ಹುಡುಗರು ಕಾವಿನಲ್ಲಿದ್ದರು. ನೀರು ನಿಲ್ಲಿಸಿದರೆ ಸರ್ಕಾರ ಓಡಿಬರುತ್ತದೆ ಎಂದರು. ಭಾಯಿ ಒಪ್ಪಲಿಲ್ಲ. "ಈ ಬಿಸಲಾಗ ಊರ ನೀರು ನಿಲ್ಲಸ್ತೀರೇನು? ಬಾಯಾರೋದು ಸಾಹೇಬಗಲ್ಲ, ನಿಮ್ಮ ಮನಿ ಮಕ್ಕಳಿಗಿ. ಪಂಪು ನಡೀಲಿ. ಆದ್ರ ತನ್ನ ಪಾಳಿ ಮುಗದ ಮ್ಯಾಲ ಯಾವನೂ ನಿಂದರಬ್ಯಾಡ. ಬದಲಿ ಆಳು ತರೋದು ಅವರ ಕೆಲಸ" ಎಂದರು. ಹಾಗೆಂದು ಕಚೇರಿಗೆ ಮುಂಚಿತವಾಗಿ ತಿಳಿಸಿಯೂ ಬಂದರು. ಕದ್ದುಮುಚ್ಚಿ ಮಾಡುವ ಮನುಷ್ಯನಲ್ಲ.

ಹೈದರಾಬಾದಿನಿಂದ ದೊಡ್ಡ ಇಂಜಿನಿಯರ್ ಸಾಹೇಬರು ಬಂದು ಡಾಕ್ ಬಂಗಲೆಯಲ್ಲಿ ಇಳಿದರು. ಮೊದಲ ದಿನ, ಸಂಘ ಗಿಂಘ ನನಗೆ ಗೊತ್ತಿಲ್ಲ, ಅರ್ಜಿ ಇದ್ದರೆ ಒಬ್ಬೊಬ್ಬರೇ ಬನ್ನಿ ಎಂದರು. ಭಾಯಿ, ಹಾಗಾದರೆ ಒಬ್ಬೊಬ್ಬರೇ ಬರುತ್ತೇವೆ ಎಂದು ಹೊರಗೆ ಬಂದು ಸಾಲು ಹಚ್ಚಿದರು. ಒಬ್ಬೊಬ್ಬರೂ ಒಳಗೆ ಹೋಗಿ ಅವೇ ಮೂರು ಮಾತು ಹೇಳಿ ಸಲಾಮು ಮಾಡಿ ಬಂದರಂತೆ. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಬೇಸತ್ತು ಎಲ್ಲರನ್ನೂ ಒಳಗೆ ಕರೆದರು. ಇದನ್ನು ಕೇಳಿ ನೀವು ನಗುತ್ತೀರಿ ಎಂದುಕೊಂಡಿದ್ದೇನೆ. ಆದರೆ ಒಳಗೆ ಕೂತ ಮೇಲೂ ಮಾತು ಮುಂದೆ ಹೋಗಲಿಲ್ಲ. ವರದಿಯಲ್ಲಿ ಬೆಂಕಿಯವನದೇ ತಪ್ಪು ಎಂದಿರುವಾಗ ಪಾಳಿಯ ಮಾತೇಕೆ, ಜಾಳಿಗೆಯ ಮಾತೇಕೆ ಎಂದು ಸಾಹೇಬರು ಒಂದೇ ಹಟ ಹಿಡಿದರು. ಎಲ್ಲವೂ ನಿಮ್ಮ ಮೇಲೆಯೇ ಬಂದು ನಿಂತಿತ್ತು.

ಗುರುವಾರ ಮುಂಜಾನೆ ಕಚೇರಿಯ ಕಾರಕೂನ ದೇವೀಂದ್ರಪ್ಪ ನಮ್ಮ ಮನೆಗೇ ಬಂದ. ಸಾಹೇಬರು ಅತ್ತೆಯವರನ್ನು ಕರೆದಿದ್ದಾರೆ ಎಂದ. ಮಗುವನ್ನು ಎದುರು ಮನೆಯ ಬಷೀರಾ ಆಪಾಳ ಕೈಗೆ ಕೊಟ್ಟು ನಾನೂ ಅತ್ತೆಯವರ ಹಿಂದೆ ಹೊರಟೆ. ನಾನು ಉಟ್ಟ ಸೀರೆಯಲ್ಲೇ ಇದ್ದೆ. ಅತ್ತೆ ಮಾತ್ರ ಇಲಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ, ಬೀಗರ ಮನೆಗೆ ಹೊರಟಂತೆ ಹೊರಟಿದ್ದರು. ಬಂಗಲೆಯ ಪಡಸಾಲೆಯಲ್ಲಿ ಸಂಘದವರೆಲ್ಲ ನೆಲದ ಮೇಲೆ ಕೂತಿದ್ದರು. ಸಾಹೇಬರು ಉರ್ದುವಿನಲ್ಲಿ ಹೇಳಿದ್ದನ್ನು ದೇವೀಂದ್ರಪ್ಪ ಕನ್ನಡಕ್ಕೆ ತಿರುಗಿಸಿದ. ನಿಮಗೆ ಹೈದರಾಬಾದಿನ ದೊಡ್ಡ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರಂತೆ. ಬೆಂಕಿಯ ಹತ್ತಿರ ಹೋಗುವುದಿಲ್ಲ, ಬಿಸಿಲಿಲ್ಲ, ಇರಲು ಮನೆ, ಜೀವಮಾನದ ನೌಕರಿ. ಅದಕ್ಕೆ ಬದಲಾಗಿ, ಮಗನಿಗೆ ಅಂದು ನಿದ್ದೆ ಹತ್ತಿತ್ತು, ಇದರಲ್ಲಿ ಕಾರಖಾನೆಯದೇನೂ ತಪ್ಪಿಲ್ಲ ಎಂದು ತಾಯಿ ಎಲ್ಲರೆದುರು ಒಂದು ಮಾತು ಹೇಳಬೇಕು. ಅಷ್ಟೇ.

ನಿಜ ಹೇಳುತ್ತೇನೆ, ಅತ್ತೆ ಹ್ಞೂಂ ಎನ್ನಲಿ ಎಂದು ಒಂದು ಗಳಿಗೆ ನನಗೂ ಅನಿಸಿತು. ಸಂಘದವರಲ್ಲಿ ಯಾರೂ ತಲೆ ಎತ್ತಲಿಲ್ಲ. ಆ ಒಂದು ಮಾತು ಅತ್ತೆಯ ಬಾಯಿಂದ ಬಂದರೆ ಅವರ ಮೂರು ಬೇಡಿಕೆಯೂ ಅಲ್ಲಿಗೇ ಮುಗಿದಂತೆ. ಸಿರಾಜುದ್ದೀನ ಭಾಯಿ ಎದ್ದರು. ಬೇಡ ಎನ್ನುತ್ತಾರೆ, ಬೇಡಿಕೊಳ್ಳುತ್ತಾರೆ ಎಂದು ನಾನು ನೋಡುತ್ತಿದ್ದೆ. "ಭಾಗಮ್ಮ ಅವ್ವಾ, ಇದು ನಿಮ್ಮ ಮನಿ ಮಾತದ. ನಿಮ್ಮ ಮಗ ನಾಗೇಂದ್ರಪ್ಪ ಸಾವಿನ ಬಾಯಾಗಿಂದ ಉಳದಾನ. ನೀವು ಹ್ಞೂಂ ಅಂದ್ರ ನಮ್ಮಾಗ ಒಬ್ಬರೂ ತಪ್ಪು ತಿಳ್ಯಾಂಗಿಲ್ಲ. ನಾವಿಲ್ಲಿ ಇದ್ರ ನಿಮಗ ಸಂಕೋಚ ಆಗ್ತದ, ಹೊರಗ ಹೋಗ್ತೀವಿ" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಅಂಗಳದ ಉರಿಬಿಸಿಲಿಗೆ ಹೋಗಿಬಿಟ್ಟರು. ಅಷ್ಟು ದಿನ ಕಷ್ಟಪಟ್ಟು ಕಟ್ಟಿದ್ದನ್ನು ಒಬ್ಬ ಮುದುಕಿಯ ಕೈಗೆ ಹೀಗೆ ಇಟ್ಟು ಹೋಗುವವರು ಎಷ್ಟು ಮಂದಿ ಇದ್ದಾರು ಹೇಳಿ.

ಅತ್ತೆ ಸಾಹೇಬರ ಕಡೆ ತಿರುಗಿ ಹೇಳಿದರು. "ಸಾಹೇಬ್ರ, ನನ್ನ ಮಗಗ ಕುರ್ಚಿ ಕೊಡ್ತೀನಂತೀರಿ, ನಿಮ್ಮ ಮನಿ ತಣ್ಣಗಿರಲಿ. ಆದ್ರ ಇವತ್ತ ಆ ಬೆಂಕಿ ಮುಂದ ಮಶಾಕ ನಿಂತಾನ. ಅವನ ತಾಯಿ ಇಮಾಮ್ಬೀ ನನ್ನ ಮಗ್ಗಲ ಮನಿಯಾಕಿ. ನಾಳಿ ಅವನ ಮ್ಯಾಲ ಕುದಿನೀರು ಬಿದ್ರ ನಾ ಆಕಿ ಮುಂದ ಯಾವ ಮುಖಾ ಇಟಗೊಂಡು ಕುಂದರ್ಲಿ? ನನ್ನ ಮಗ ಮಲಗಿರಲಿಲ್ಲ. ನಿಮ್ಮವರು ಅವನಿಗಿ ಮಲಗಾಕ ಬಿಟ್ಟಿರಲಿಲ್ಲ. ಸುಳ್ಳು ಹೇಳಿ ತಗೊಂಡ ಕುರ್ಚಿ ನಮಗ ಬ್ಯಾಡ್ರಿ."

ದೇವೀಂದ್ರಪ್ಪನಿಗೆ ಅದನ್ನು ಹಾಗೇ ತಿರುಗಿಸಿ ಹೇಳುವ ಧೈರ್ಯವಾಗಲಿಲ್ಲ. ಅವನು ಉರ್ದುವಿನಲ್ಲಿ, ಮುದುಕಿ ನಿಮ್ಮ ದಯೆಗೆ ಋಣಿ, ಸ್ವಲ್ಪ ವಿಚಾರ ಮಾಡಿ ಹೇಳುತ್ತಾಳಂತೆ ಎಂದುಬಿಟ್ಟ. ಸೇಡಂ ಶಾಲೆಯಲ್ಲಿ ನಮ್ಮಪ್ಪ ನನಗೆ ಉರ್ದು ಕಲಿಸಿದ್ದು ಆ ಗಳಿಗೆಗೇ ಇರಬೇಕು. ಸೆರಗು ಸರಿಮಾಡಿಕೊಂಡು, ನಮ್ಮ ಅತ್ತೆ ಹಾಗೆ ಹೇಳಲಿಲ್ಲ ಸಾಹೇಬ್ ಎಂದು ಉರ್ದುವಿನಲ್ಲೇ ಶುರುಮಾಡಿ ಅವರು ಅಂದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮಲಗಲು ಬಿಟ್ಟಿರಲಿಲ್ಲ ಎಂಬಲ್ಲಿ ನನ್ನ ದನಿ ಸ್ವಲ್ಪ ಏರಿತು. ನೀವು ಬೈಯುತ್ತೀರೇನೋ, ಪರರ ಮುಂದೆ ಹೀಗೆ ಬಾಯಿ ಮಾಡಿದಳಲ್ಲಾ ಎಂದು. ಬೈಯಿರಿ. ಅತ್ತೆಯವರು ಮಾತ್ರ ನನ್ನ ಬೆನ್ನ ಮೇಲೆ ಕೈ ಇಟ್ಟು ತೆಗೆಯಲೇ ಇಲ್ಲ.

ಸಾಹೇಬರು ದೇವೀಂದ್ರಪ್ಪನನ್ನು ಒಮ್ಮೆ ನೋಡಿದರು. ಆ ಮಶಾಕ ಎಂಬುವನು ಈಗ ಎಷ್ಟನೇ ಪಾಳಿ ಮಾಡುತ್ತಿದ್ದಾನೆ ಎಂದು ದಾರೋಗಾನನ್ನು ಕೇಳಿದರು. ದಾರೋಗಾ ತಡವರಿಸಿದ. ಅತ್ತೆ, "ಅವನಿಗ್ಯಾಕ ಕೇಳ್ತೀರಿ, ಬರ್ರಿ, ನೀವೇ ನೋಡ್ರಿ" ಎಂದು ಎದ್ದೇಬಿಟ್ಟರು. ಸಾಹೇಬರೂ ಎದ್ದರು! ಮುಂದೆ ಅತ್ತೆ, ಹಿಂದೆ ಸಾಹೇಬರು, ಅವರ ಹಿಂದೆ ಅಂಗಳದಲ್ಲಿದ್ದವರೆಲ್ಲ. ಬಾಯ್ಲರಿನ ಮನೆಯೊಳಗೆ ಸಾಹೇಬರು ಒಬ್ಬರೇ ಹೋದರು. ಮಶಾಕ ಹಿಂದಿನ ದಿನದಿಂದ ನಿಂತವನು, ಸಂಜೆಯೇ ಬರಬೇಕಾದ ಬದಲಿ ಆಳು ಬಂದಿರಲಿಲ್ಲ. ಬೆಂಕಿ ಆರಿದರೆ ಊರಿಗೆ ನೀರಿಲ್ಲವೆಂದು ಸಂಘದ ಮಾತನ್ನೂ ಮೀರಿ ನಿಂತಿದ್ದನಂತೆ. ಸಾಹೇಬರು ಬೇಗ ಬರುತ್ತಾರೆಂದು ನಾವು ಕಾದೆವು. ಬರಲಿಲ್ಲ. ಬಂದಾಗ ಅಂಗಿ ಮೈಗೆ ಅಂಟಿತ್ತು, ಮುಖ ಕೆಂಪಾಗಿತ್ತು. ನೇರವಾಗಿ ನೀರಿನ ಹರವಿಯ ಹತ್ತಿರ ಹೋಗಿ ಕುಡಿದರು. ಆಮೇಲೆ ಬಂಗಲೆಯಲ್ಲಿ ಸಿರಾಜುದ್ದೀನ ಭಾಯಿಯನ್ನು ಕರೆದು, ಕುರ್ಚಿ ತೋರಿಸಿ "ಬೈಠಿಯೇ" ಎಂದರು. ಅಷ್ಟು ದಿನ ಅವರನ್ನು ನೆಲದ ಮೇಲೆ ಕೂರಿಸಿಯೇ ಮಾತಾಡಿಸಿದ್ದರಂತೆ.

ಹೇಗೆ ಮುಗಿಯಿತೆಂದು ಕೇಳಿ. ಎರಡು ಪಾಳಿ ನಿಲ್ಲಿಸುವುದು ಬಂದ್. ಹೊಸದಾಗಿ ಬದಲಿ ಆಳುಗಳನ್ನು ತೆಗೆದುಕೊಳ್ಳುತ್ತಾರೆ, ಅವರನ್ನು ಯಾರ ಮನೆಗೆಲಸಕ್ಕೂ ಕಳಿಸುವಂತಿಲ್ಲ. ಗಾಜಿನ ಜಾಳಿಗೆ ನಿನ್ನೆಯೇ ಕೂತಿತು, ಭಾಯಿಯೇ ನಿಂತು ಕೂರಿಸಿದರು. ನಿಮ್ಮ ಮೇಲಿನ ವರದಿ ತೆಗೆದು, ಕೆಲಸದಲ್ಲಿದ್ದಾಗ ಆದ ಅಪಘಾತವೆಂದು ಬರೆಸಿದ್ದಾರೆ. ಮೂರನೆಯ ಬೇಡಿಕೆ ಮಾತ್ರ ದಕ್ಕಲಿಲ್ಲ. ಗಾಯವಾದವರ ನೌಕರಿಯ ಮಾತು ನನ್ನ ಕೈಯಲ್ಲಿಲ್ಲ, ಮೇಲೆ ಕೇಳುತ್ತೇನೆ ಎಂದರು ಸಾಹೇಬರು. ಭಾಯಿ ಎರಡು ತಾಸು ಜಗ್ಗಾಡಿದರೂ ಅಲುಗಲಿಲ್ಲ. ಹುಕುಮಿನಲ್ಲಿ ಸಂಘ ಎಂಬ ಶಬ್ದವನ್ನೂ ಬರೆಯಲಿಲ್ಲ, ಕೆಲಸಗಾರರು ಎಂದಷ್ಟೇ ಬರೆದರು. ಭಾಯಿ ನಕ್ಕು, "ಹೆಸರು ಏನರ ಇರಲಿ, ನಾವು ಇದ್ದೀವಲ್ಲ" ಎಂದರು. ಬರುವ ತಿಂಗಳು ಮತ್ತೆ ಅದಕ್ಕಾಗಿಯೇ ಹೋಗುತ್ತಾರಂತೆ. ಗುರುವಾರ ಸಂಜೆ ಇಮಾಮ್ಬೀ ಬಂದು ಅತ್ತೆಯ ಕೈಹಿಡಿದು ಕೂತಳು. ನಾನು ಚಹಾ ಮಾಡಿಕೊಟ್ಟೆ.

ನಿಮ್ಮ ಅವ್ವನವರ ಜೊತೆ ಇಷ್ಟು ವರುಷ ಒಂದೇ ಒಲೆಯ ಮುಂದೆ ಕೂತಿದ್ದೇನೆ. ಉಪ್ಪು ಹೆಚ್ಚಾಯಿತು, ರೊಟ್ಟಿ ದಪ್ಪವಾಯಿತು ಎಂದು ಜಗಳಾಡಿದ್ದೇನೆ. ಅವರು ಇಂಥವರೆಂದು ನನಗೆ ಗೊತ್ತೇ ಇರಲಿಲ್ಲ. ಈಗ ಉಪ್ಪಿನ ಮಾತು ಬಂದರೆ ಸುಮ್ಮನಿರುತ್ತೇನೆ. ಎಷ್ಟು ದಿನ ಇರುತ್ತೇನೋ ನೋಡಬೇಕು.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಸಿರಾಜುದ್ದೀನ ಭಾಯಿಯದೂ ಮಶಾಕನದೂ ಸಲಾಮು. ಸಂಗವ್ವ ಈ ಕಾಗದದ ಮೂಲೆಯನ್ನು ಬಾಯಲ್ಲಿಟ್ಟು ಒದ್ದೆಮಾಡಿದ್ದಾಳೆ, ಅದು ಅವಳ ಮುತ್ತು ಎಂದು ತಿಳಿಯಿರಿ.

ನಿಮ್ಮವಳು,
ಶಿವಕಾಂತಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ, ಆದರೂ ಇದನ್ನು ಬರೆಯದೆ ಕಳಿಸಲಾರೆ. ಕೈ ವಾಸಿಯಾಗುತ್ತಿದೆ, ಬಂದು ಮತ್ತೆ ಸಲಿಕೆ ಹಿಡಿಯುತ್ತೇನೆ ಎಂದು ಬರೆಸುತ್ತಲೇ ಇದ್ದೀರಿ. ನಿಮ್ಮ ಬಲಗೈ ಬೆರಳು ಇನ್ನು ಮಡಚುವುದಿಲ್ಲವೆಂದು ಡಾಕ್ಟರರು ಹೇಳಿದ್ದನ್ನು ಅಲ್ಲಿಗೆ ಬಂದುಹೋದ ಅಂಬಾರಾಯಣ್ಣ ನಮಗೆ ಎಂದೋ ಹೇಳಿದ್ದಾನೆ. ಅತ್ತೆಯವರಿಗೂ ಗೊತ್ತು. ಅದು ಗೊತ್ತಿದ್ದೇ ಅವರು ಆ ಕುರ್ಚಿ ಬೇಡವೆಂದರು. ಮುಂದೆ ಹೇಗೆಂದು ನಮಗೂ ತಿಳಿಯದು. ಮೂವರೂ ಕೂತು ನೋಡೋಣ. ಬೇಗ ಬನ್ನಿ. ಬರುವಾಗ ಆ ಕೈಯನ್ನು ಶಲ್ಯದಲ್ಲಿ ಮುಚ್ಚಿಕೊಂಡು ಬರಬೇಡಿ.