ನನಗಿಂತ ಮೂರು ವರ್ಷ ದೊಡ್ಡ ಮಗ

ಸೌತ್‌ಪೋರ್ಟ್
೯ ನವೆಂಬರ್ ೧೯೯೬

ಪ್ರೀತಿಯ ನೋರಾ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಮಲಗಿರುವ ತಂಗಿ ಎರಡೆರಡು ಸಲ ಬರೆದಳು, ಆರಾಮಾಗಿರುವ ಅಕ್ಕನಿಗೆ ಒಂದು ಸಾಲು ಬರೆಯಲಾಗಲಿಲ್ಲ. ಬೈದುಕೋ, ಬೇಜಾರಿಲ್ಲ. ಈಗ ಕೋಲಿಲ್ಲದೆ ನಡೆಯುತ್ತಿದ್ದೀಯಾ? ಡಾಕ್ಟರು ಹೇಳಿದ ವ್ಯಾಯಾಮ ಮಾಡು. ರೊನಾಲ್ಡನ ಕೈಲಿ ಚಹಾ ಮಾಡಿಸಿಕೊಂಡು ಕೂತೇ ಇರಬೇಡ.

ಕ್ಲೆಮ್‌ನ ಅಂತ್ಯಕ್ರಿಯೆ ಹೇಗಾಯಿತು ಎಂದು ನೀನು ಕೇಳಿದ್ದೆ. ಅವನು ಹುಟ್ಟಿದ ರಾಚ್‌ಡೇಲ್‌ನಲ್ಲೇ ಮಾಡಿದರು. ಚರ್ಚು ತುಂಬಿ ಹೊರಗೆ ಮಳೆಯಲ್ಲೂ ಜನ ನಿಂತಿದ್ದರು. ನಮ್ಮ ಟಿವಿ ಕಾರ್ಯಕ್ರಮ ನಿಂತು ಇಷ್ಟು ವರ್ಷವಾದರೂ ಅವರಿಗೆ ಅವನು ಇನ್ನೂ ವಿಲ್ಫ್ ಕ್ರಾಂಪ್ಟನ್, ನಾನು ಅವನ ತಾಯಿ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವನ ಹೆಂಡತಿ ಬೆರಿಲ್ ಅಲ್ಲಿಯವರೆಗೆ ನಡೆದುಬಂದು ನನ್ನ ತೋಳು ಹಿಡಿದಳು.

"ಮುಂದೆ ಬನ್ನಿ ಐರಿಸ್. ನೀವು ಇಲ್ಲಿ ಕೂತ್ರೆ ಜನ ನನ್ನೇ ಬೈತಾರೆ," ಎಂದಳು.

ಹೊರಗೆ ಬಂದಾಗ ಯಾರೋ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ಹೆತ್ತವಳ ಕಣ್ಮುಂದೆ ಮಗ ಹೋಗಬಾರ್ದಿತ್ತು ಕಣಮ್ಮ," ಎಂದಳು. ಆ ಮಗ ನನಗಿಂತ ಮೂರು ವರ್ಷ ದೊಡ್ಡವನು ಎಂದು ಆಗ ಹೇಗೆ ಹೇಳಲಿ? ಥ್ಯಾಂಕ್ಸ್ ಎಂದೆ. ಅಷ್ಟು ಹೊತ್ತೂ ನನ್ನ ತಲೆಯ ಮೇಲೆ ಛತ್ರಿ ಹಿಡಿದು ನಿಂತಿದ್ದವಳು ಬೆರಿಲ್. ಅವಳ ಕೈಯನ್ನು ಯಾರೂ ಹಿಡಿಯಲಿಲ್ಲ. ಕಾರಿನಲ್ಲಿ ನಾನು ಅದಕ್ಕೆ ಮರುಗಿದರೆ ಅವಳು ನಕ್ಕುಬಿಟ್ಟಳು. ಮಾಂಸದ ಅಂಗಡಿಯವನು ಇವತ್ತಿಗೂ "ನಿಮ್ಮತ್ತೆ ಹೇಗಿದಾರೆ?" ಎಂದು ಅವಳ ಹತ್ತಿರ ನನ್ನ ಬಗ್ಗೆ ವಿಚಾರಿಸುತ್ತಾನಂತೆ.

ಅದೆಲ್ಲ ಶುರುವಾದಾಗ ನೀನು ಮದುವೆಯಾಗಿ ಕಾರ್ನ್‌ವಾಲ್‌ಗೆ ಹೋಗಿದ್ದೆ. ನಾನು ಮ್ಯಾಂಚೆಸ್ಟರ್ ಸ್ಟುಡಿಯೋಗೆ ಹೋಗಿದ್ದು ಅಂಚೆ ಕಚೇರಿಯ ಹುಡುಗಿಯ ಪಾತ್ರ ಕೇಳಲು. ಎರಡೇ ಮಾತಿನ ಪಾತ್ರ. ಅದೇ ದಿನ ವಿಲ್ಫ್‌ನ ತಾಯಿ ಮಿಸೆಸ್ ಕ್ರಾಂಪ್ಟನ್ ಆಗಬೇಕಿದ್ದ ಹಿರಿಯ ನಟಿ ಬಿದ್ದು ಸೊಂಟ ಮುರಿದುಕೊಂಡರು. ನಿರ್ದೇಶಕರು ನನ್ನ ಕಡೆ ನೋಡಿ, ಬೆನ್ನು ಬಗ್ಗಿಸಿ ನಡೆಯಲು ಬರುತ್ತದೆಯೇ ಎಂದರು. ಮೂವತ್ತನಾಲ್ಕನೇ ವಯಸ್ಸಿಗೆ ಬಿಳಿ ವಿಗ್ ಇಟ್ಟುಕೊಂಡು, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮುದುಕಿಯಾದೆ. ಅಮ್ಮ ಪಕ್ಕದ ಮನೆಯ ಟಿವಿಯಲ್ಲಿ ನೋಡಿಬಂದು, ಅಂಥ ಕಿರಿಕಿರಿ ಹೆಂಗಸು ನಮ್ಮ ಬೀದಿಯಲ್ಲಿ ಯಾರೂ ಇಲ್ಲ ಎಂದಳು. ನಾನು ಪೂರ್ತಿ ಅಮ್ಮನನ್ನೇ ನೋಡಿ ಕಲಿತಿದ್ದೆ.

ಕ್ಲೆಮ್ ಬೂಟಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಬೇಸಿಗೆಯಲ್ಲಿ ಸಮುದ್ರ ತೀರದ ಊರುಗಳಲ್ಲಿ ನಗೆಯಾಟ ಆಡುತ್ತಿದ್ದ. ಮಾತಿಲ್ಲದೆ ನಗಿಸುವುದು ಅಲ್ಲೇ ಕಲಿತದ್ದಂತೆ, ಗಾಳಿಗೆ ಮಾತು ಯಾರಿಗೂ ಕೇಳುತ್ತಿರಲಿಲ್ಲವಲ್ಲ. ಪ್ರತಿ ವಾರ ವಿಲ್ಫ್ ಯಾವುದಾದರೂ ಹುಡುಗಿಯ ಜೊತೆ ಹೊರಟಾಗ ನಾನು, "ಮಫ್ಲರ್ ಹಾಕ್ಕೊಂಡ್ಯಾ ವಿಲ್ಫ್?" ಎನ್ನಬೇಕು. ಅವನು ನನ್ನನ್ನು ನೋಡಿ, ಹುಡುಗಿಯನ್ನು ನೋಡಿ, ನಿಧಾನವಾಗಿ ಜೇಬಿನಿಂದ ಮಫ್ಲರ್ ತೆಗೆಯಬೇಕು. ಅಷ್ಟೇ. ಹದಿಮೂರು ವರ್ಷ ದೇಶವೆಲ್ಲ ಅದಕ್ಕೆ ನಕ್ಕಿತು.

ಆಮೇಲೆ ಅವನಿಗೆ ಬೇರೆ ಪಾತ್ರವನ್ನು ಯಾರೂ ಕೊಡಲಿಲ್ಲ. ಒಂದೇ ಒಂದು ಸಲ ಲೀಡ್ಸ್‌ನಲ್ಲಿ ಕೊಲೆಗಾರನ ಪಾತ್ರ ಸಿಕ್ಕಿತು. ಚಾಕು ಹಿಡಿದು ರಂಗಕ್ಕೆ ಬಂದರೆ ಬಾಲ್ಕನಿಯಿಂದ ಯಾರೋ ಮಫ್ಲರ್ ಎಲ್ಲಿ ಎಂದು ಕೂಗಿದರಂತೆ. ಆ ರಾತ್ರಿ ನನಗೆ ಫೋನ್ ಮಾಡಿ, "ಐರಿಸ್, ಸತ್ತು ಬಿದ್ದಿದ್ದವನೂ ನಕ್ಬಿಟ್ಟ," ಎಂದ. ಆಮೇಲೆ ಕ್ರಿಸ್‌ಮಸ್ ಕಾಲದ ಮಕ್ಕಳ ನಾಟಕ, ಅಂಗಡಿಗಳ ಉದ್ಘಾಟನೆ, ಹೀಗೇ ಬದುಕಿದ. ಯಾರನ್ನೂ ಶಪಿಸಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗಲೂ ಚಹಾ ತರುವವಳನ್ನು ನಗಿಸುತ್ತಿದ್ದ.

ನಿನ್ನ ಮಂಡಿ ಬೇಗ ವಾಸಿಯಾಗಲಿ. ಮೊಮ್ಮಕ್ಕಳಿಗೆ ನನ್ನ ಮುತ್ತು. ರೊನಾಲ್ಡನ ಕೆಮ್ಮು ಈ ಚಳಿಗಾಲ ಕಾಡದಿರಲಿ, ನಿಮ್ಮಿಬ್ಬರನ್ನೂ ದೇವರು ಜೊತೆಯಲ್ಲೇ ಇಟ್ಟಿರಲಿ.

ನಿನ್ನ ಅಕ್ಕ,
ಐರಿಸ್

ತಾ.ಕ.: ಕ್ರಿಸ್‌ಮಸ್‌ಗೆ ಖಂಡಿತ ಬರುತ್ತೇನೆ. ಅಷ್ಟರೊಳಗೆ ನಿನ್ನ ನಡುಮನೆಯಲ್ಲಿ ತೂಗುಹಾಕಿರುವ ಕ್ಲೆಮ್‌ನ ಮದುವೆಯ ಫೋಟೋ ತೆಗೆದಿಡು. ಬಂದವರಿಗೆಲ್ಲ ನೀನು ಹೆಮ್ಮೆಯಿಂದ ತೋರಿಸುತ್ತೀಯ, ಅದಕ್ಕೇ ಇಷ್ಟು ದಿನ ಹೇಳಲಿಲ್ಲ.

ಕಾರ್ಯಕ್ರಮ ಶುರುವಾದ ಮೂರನೇ ವರ್ಷ ಕ್ಲೆಮ್ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಹೂಂ ಎಂದೆ. ಇಬ್ಬರೂ ಒಟ್ಟಿಗೇ ಹೋಗಿ ನಿರ್ಮಾಪಕರಿಗೆ ತಿಳಿಸಿದೆವು. ಅವರು ಕೆಟ್ಟವರಲ್ಲ. ನಮ್ಮನ್ನು ಕೂರಿಸಿ, ಚಹಾ ತರಿಸಿ, ಆಮೇಲೆ ಹೇಳಿದರು. "ಇಡೀ ದೇಶ ನಿಮ್ಮನ್ನ ತಾಯಿ ಮಗ ಅಂತ ನಂಬ್ಕೊಂಡಿದೆ. ಈ ಮದುವೆ ಸುದ್ದಿ ಕೇಳಿದ್ರೆ ಜನಕ್ಕೆ ಹೇಸಿಗೆ ಆಗುತ್ತೆ. ಕಾರ್ಯಕ್ರಮ ಮುಗೀಲಿ, ಆಮೇಲೆ ಮಾಡ್ಕೊಳ್ಳಿ."

ಕಾರ್ಯಕ್ರಮ ಮುಗಿಯಲಿಲ್ಲ. ಪ್ರತಿ ವಸಂತಕ್ಕೂ ಇದೇ ಕೊನೆ ಎಂದುಕೊಳ್ಳುತ್ತಿದ್ದೆವು, ಮತ್ತೆ ಮುಂದುವರಿಸುತ್ತಿದ್ದರು. ನಾಲ್ಕು ವರ್ಷ ಕಾದ ಮೇಲೆ ಒಂದು ದಿನ ಅವನು, ಇನ್ನು ನನ್ನಿಂದಾಗದು ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೆರಿಲ್‌ಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅವನ ಮದುವೆಯ ದಿನ ಪತ್ರಿಕೆಯವರು, ತಾಯಿಯಿಲ್ಲದೆ ಫೋಟೋ ಬೇಡ ಎಂದರು. ಸ್ಟುಡಿಯೋದವರು ಮಿಸೆಸ್ ಕ್ರಾಂಪ್ಟನ್‌ಳ ವೇಷವನ್ನೆಲ್ಲ ಮೊದಲೇ ಕಳಿಸಿದ್ದರು. ಚರ್ಚಿನ ಹಿಂದಿನ ಕೋಣೆಯಲ್ಲಿ ನಾನೇ ಹಾಕಿಕೊಂಡೆ. ಮೆಟ್ಟಿಲ ಮೇಲೆ ಪಕ್ಕದಲ್ಲಿ ನಿಂತಾಗ ಕ್ಲೆಮ್‌ನ ಮುಖ ಬಿಳಿಚಿಕೊಂಡಿತು. "ಬೇಡ ಐರಿಸ್. ಹೋಗಿ ತೆಗೆದ್ಬಿಡು ಇದನ್ನ," ಎಂದ, ನನಗೊಬ್ಬಳಿಗೇ ಕೇಳುವಂತೆ.

"ನಗು ಕ್ಲೆಮ್, ಫೋಟೋ ತೆಗೀತಿದಾರೆ," ಎಂದೆ.

ನಕ್ಕ. ಗೋಡೆಯಿಂದ ಇಳಿಸುವ ಮೊದಲು ಒಮ್ಮೆ ನೋಡು, ಎಷ್ಟು ಚೆನ್ನಾಗಿ ನಕ್ಕಿದ್ದಾನೆ.